ಫೋಟೋ ಸ್ಟುಡಿಯೋದಿಂದ ಬಂದ ಮದ್ದು

ಹೋದ ವಾರ ನಾನೊಂದು ದನಕ್ಕೆ ಸಯನೈಡ್ ತಿನ್ನಿಸಿದೆ.

ಗಾಬರಿಯಾಗಬೇಡಿ, ಪೊಲೀಸರು ಬಂದಿಲ್ಲ. (ಅಕ್ಕ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ, ಅದು ಬೇರೆ.)

ಅಕ್ಕನ ಮನೆ ಸಿದ್ದಾಪುರ ಪೇಟೆಯ ಅಂಚಿನಲ್ಲಿದೆ. ಎರಡು ದಿನ ಇರಲು ಹೋಗಿದ್ದೆ. ಸುಮ್ಮನೆ ಕೂತು ಉಣ್ಣಲು ಸಂಕೋಚ. ಭಾವ ಹಿತ್ತಿಲಲ್ಲಿ ಮರಗೆಣಸು ಕಿತ್ತು, ಸೊಪ್ಪನ್ನು ಅಲ್ಲೇ ರಾಶಿ ಹಾಕಿ ಹೋಗಿದ್ದರು. ಎಳೆಯದು, ಹಸಿರಾಗಿ ಚೆಂದ ಕಂಡಿತು. ಎರಡು ಹೊರೆ ಹೊತ್ತು ತಂದು ಕೊಟ್ಟಿಗೆಯಲ್ಲಿದ್ದ ತುಂಗೆಯ ಮುಂದೆ ಹಾಕಿದೆ. ತುಂಗೆ ಅಕ್ಕನ ಮುದ್ದಿನ ದನ. ಎಂಟು ತಿಂಗಳ ಗಬ್ಬ ಬೇರೆ. ಗಬಗಬ ತಿಂದಿತು. ನನಗೋ, ಪುಣ್ಯ ಕಟ್ಟಿಕೊಂಡ ಖುಷಿ.

ಅರ್ಧ ತಾಸಿಗೆ ಅಕ್ಕ ಕೂಗಿದಳು. ತುಂಗೆ ತೂರಾಡುತ್ತಿತ್ತು, ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ನೋಡನೋಡುತ್ತ ಕುಸಿಯಿತು.

"ಎಂತ ಹಾಕಿದ್ಯೋ ಇದಕ್ಕೆ?"

"ಮರಗೆಣಸಿನ ಸೊಪ್ಪು."

"ಹಾಕು ಹೇಳಿ ನಿಂಗೆ ಯಾರು ಹೇಳಿದ್ದ?"

ಯಾರೂ ಹೇಳಿರಲಿಲ್ಲ. ಅದೇ ತೊಂದರೆ.

ಪಕ್ಕದ ಬೀದಿಯ ಪಶು ಡಾಕ್ಟರು ಬ್ಯಾಗ್ ಸಮೇತ ಓಡಿ ಬಂದರು. ಹಾವೇರಿ ಕಡೆಯವರು. ದನದ ಕಣ್ಣಿನ ರೆಪ್ಪೆ ಮಗುಚಿ ನೋಡಿದರು. "ಸಯನೈಡ್ ಏರೇದ ನೋಡ್ರಿ. ಈ ಎಲೀಯೊಳಗ ಇರ್ತದ." ಬ್ಯಾಗಿನಲ್ಲಿದ್ದ ಒಂದೇ ಇಂಜೆಕ್ಷನ್ನನ್ನು ರಕ್ತನಾಳಕ್ಕೆ ಕೊಟ್ಟರು. "ಹೊಟ್ಟಿಯೊಳಗಿನ ಸೊಪ್ಪು ಇನ್ನೂ ವಿಷಾ ಬಿಡತದ. ಫೋಟೋ ಸ್ಟುಡಿಯೋದಾಗ ಫಿಲ್ಮ್ ತೊಳಿಯಾಕ ಹೈಪೋ ಅಂತ ಬಳಸ್ತಾರಲ್ಲ, ಅದೇ ಔಷಧ ಇದು. ಏನೂ ಕೂಡಿಸದ ಹರಳು ತರ್ರಿ. ಲಗೂ."

(ದನ ಸಾಯುತ್ತಿರುವಾಗ ಫೋಟೋ ಸ್ಟುಡಿಯೋಗೆ ಓಡುವ ಮನುಷ್ಯನನ್ನು ಜನ ಏನೆಂದುಕೊಳ್ಳಬೇಕು?)

ಸ್ಕೂಟರಿನಲ್ಲಿ ಮೂರೇ ನಿಮಿಷ. ಸ್ಟುಡಿಯೋದ ಶೇಟರು ಡಾರ್ಕ್ ರೂಮಿನೊಳಗೆ ಫಿಲ್ಮ್ ತೊಳೆಯುತ್ತಿದ್ದರು. ಬಾಗಿಲು ಬಡಿದೆ.

"ಈಗ ಬಾಗಿಲು ತೆಗುದ್ರೆ ಬೆಳಕು ಬಿದ್ದು ಮೂವತ್ತು ಮಕ್ಕಳ ಹಾಲ್ ಟಿಕೆಟ್ ಫೋಟೋ ಹೋಗ್ತದೆ ಮಾರಾಯ್ರೆ. ಹತ್ತು ನಿಮಿಷ ಕೂತ್ಕೊಳ್ಳಿ."

"ದನ ಸಾಯ್ತಾ ಇದೆ ಶೇಟ್ರೆ. ಹೈಪೋ ಬೇಕು."

ಬಾಗಿಲು ತೆರೆಯಿತು. ಶೇಟರ ಒಂದು ಕೈಯಲ್ಲಿ ಹಾಳಾದ ಫಿಲ್ಮು, ಇನ್ನೊಂದರಲ್ಲಿ ಹೈಪೋ ಡಬ್ಬಿ. "ಮಕ್ಕಳನ್ನ ನಾಳೆ ಮತ್ತೆ ಕೂರಿಸಿದ್ರಾಯ್ತು. ಹೋಗಿ ನೀವು."

ಡಾಕ್ಟರು ಹರಳನ್ನು ನೀರಿನಲ್ಲಿ ಕರಗಿಸಿ, ನಳಿಕೆ ಹಾಕಿ ಹೊಟ್ಟೆಗೆ ಇಳಿಸಿದರು. ಅಕ್ಕ ತುಂಗೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನನ್ನ ಕಡೆ ನೋಡಲಿಲ್ಲ. ನಾನು ಕಂಬ ಹಿಡಿದು ನಿಂತೇ ಇದ್ದೆ. ಏದುಸಿರು ನಿಧಾನಕ್ಕೆ ಇಳಿಯಿತು. ಮುಕ್ಕಾಲು ತಾಸಿಗೆ ದನ ಕಿವಿ ಆಡಿಸಿತು. ಸಂಜೆಯೊಳಗೆ ಎದ್ದು ನಿಂತಿತು. ಡಾಕ್ಟರು ಹೊಟ್ಟೆಯ ಮೇಲೆ ಕೈಯಿಟ್ಟು, "ಕರಾನೂ ಒದೀಲಿಕ್ಕತ್ತೇದ" ಅಂದಾಗ ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

ಮರುದಿನ ಥ್ಯಾಂಕ್ಸ್ ಹೇಳಲು ಸ್ಟುಡಿಯೋಗೆ ಹೋದೆ. ಮಕ್ಕಳು ತಲೆ ಬಾಚಿಕೊಂಡು ಮತ್ತೆ ಸಾಲಾಗಿ ನಿಂತಿದ್ದರು. ಶೇಟರು ನನ್ನನ್ನು ಪರಿಚಯಿಸಿದರು: "ದನಕ್ಕೆ ವಿಷ ಹಾಕಿದೋರು ಇವ್ರೇ ನೋಡಿ."

ಸಯನೈಡಿಗೆ ಮದ್ದು ಸಿದ್ದಾಪುರದಲ್ಲೇ ಸಿಗುತ್ತದೆ, ಸರಿ. ಕೇಳದೇ ಉಪಕಾರಕ್ಕೆ ಹೊರಡುವ ನೆಂಟರಿಗೆ ಎಲ್ಲಿ ಸಿಗುತ್ತದೆ?