ಬೀರುವಿನೊಳಗಿನ ಟ್ಯಾಬ್‌ಗಳು

ಶಾಲೆಗಳಲ್ಲಿ ತಂತ್ರಜ್ಞಾನ ಬಳಸುವ ಬಗ್ಗೆ ದೇಶಕ್ಕೆಲ್ಲ ಒಂದು ಯೋಜನೆ ತಯಾರಾಗುತ್ತಿತ್ತು. ಅದರ ಕರಡನ್ನು ಚರ್ಚಿಸಲು ಸರಸ್ವತಿಪುರಂನಲ್ಲಿ ಸಭೆ ಕರೆದಿದ್ದರು. ನಿವೃತ್ತ ಮೇಷ್ಟ್ರು ಅಂತ ನನ್ನನ್ನೂ ಕೂರಿಸಿದ್ದರು. ಮಕ್ಕಳಿಗೆ ಕೊಡುವ ಟ್ಯಾಬ್ ಕೆಟ್ಟರೆ ಮುಖ್ಯೋಪಾಧ್ಯಾಯರೇ ಹೊಣೆ ಎಂದು ಕರಡಿನಲ್ಲಿತ್ತು.

ಪಕ್ಕದಲ್ಲಿದ್ದ ಬನ್ನಿಮಂಟಪದ ಮುಖ್ಯೋಪಾಧ್ಯಾಯಿನಿ ಪಿಸುಗುಟ್ಟಿದರು. "ನೀವೇ ಹೇಳಿ ಸಾರ್. ನಾನು ಹೇಳಿದ್ರೆ ಜವಾಬ್ದಾರಿಗೆ ಹೆದರ್ತಾಳೆ ಅಂತಾರೆ."

ಎದ್ದು ನಿಂತೆ. "ಈ ಸಾಲು ಇದ್ದರೆ ಟ್ಯಾಬ್ ಬೀರುವಿನಿಂದ ಹೊರಗೆ ಬರಲ್ಲ" ಎಂದು ಕೂತೆ.

ದೆಹಲಿಯಿಂದ ಬಂದಿದ್ದ ಅಧಿಕಾರಿ ನಮ್ಮ ಕಡೆಯ ಹೆಣ್ಣುಮಗಳು. "ಅಷ್ಟೇನಾ ಸಾರ್?" ಎಂದರು.

"ಅಷ್ಟೇ."

"ಈಗಾಗಲೇ ಕೊಟ್ಟಿರೋ ಟ್ಯಾಬ್‌ಗಳೂ ಹೊರಗೆ ಬರ್ತಾ ಇಲ್ವಾ?"

ಮುಖ್ಯೋಪಾಧ್ಯಾಯಿನಿ ತಡೆಯಲಾರದೆ ಹೇಳಿದರು. "ಬರ್ತವೆ ಮೇಡಂ, ಆಯುಧಪೂಜೆಗೆ. ಕುಂಕುಮ ಇಟ್ಟು ಮತ್ತೆ ಒಳಗಿಡ್ತೀವಿ. ಮಕ್ಕಳು ದೂರದಿಂದಲೇ ಕೈ ಮುಗೀತಾರೆ."

ಅಧಿಕಾರಿ ನಗಲಿಲ್ಲ. ಎಲ್ಲರೆದುರೇ ಆ ಸಾಲನ್ನು ಹೊಡೆದುಹಾಕಿ, ಪಾಠಕ್ಕೆ ಬಳಸುವಾಗ ಕೆಟ್ಟರೆ ಯಾರನ್ನೂ ಹೊಣೆ ಮಾಡಬಾರದು ಎಂದು ಬರೆದರು. ಯೋಜನೆ ಅಂತಿಮವಾದಾಗಲೂ ಆ ಮಾತು ಉಳಿಯಿತು. ಆ ಅಧಿಕಾರಿಗೆ ಎದುರಿಗೆ ಥ್ಯಾಂಕ್ಸ್ ಹೇಳುವುದು ನನಗೆ ಬರಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

ಈ ಸಲ ಆಯುಧಪೂಜೆಗೆ ಬನ್ನಿಮಂಟಪದ ಆ ಶಾಲೆಗೆ ನನ್ನನ್ನು ಕರೆದಿದ್ದರು. ಟ್ಯಾಬ್‌ಗಳ ಮೇಲೆಲ್ಲ ಮಕ್ಕಳ ಬೆರಳಿನ ಗುರುತು. ಒಂದರ ಮೂಲೆ ಒಡೆದಿತ್ತು. ಅದಕ್ಕೆ ಕುಂಕುಮ ಸ್ವಲ್ಪ ಜಾಸ್ತಿಯೇ ಇಟ್ಟಿದ್ದರು.