ಉಸಿರಣ್ಣನ ಎಡ ತುಟಿ

ಬಾಡಿಗೆ ಬ್ಯಾಂಡುಗಳ ವಾದಕರ ಜೀವನವೃತ್ತಾಂತಗಳನ್ನು ಸಂಗ್ರಹಿಸುತ್ತಿದ್ದ ನನಗೆ ಈ ಕ್ಲಾರಿನೆಟ್ ವಾದಕರ ದೂರವಾಣಿ ಸಂಖ್ಯೆ ಕೊಟ್ಟವರು ಅವರ ಬ್ಯಾಂಡ್ ಮಾಸ್ಟರ್. ಕರೆಗೆ ಉತ್ತರಿಸಿದ್ದು ವಾದಕರ ಹೆಂಡತಿ. ಹಲವು ಸಲ ಮುಂದೂಡಿದ ಮೇಲೆ ಆಕೆ ಒಪ್ಪಿದರು, ಷರತ್ತಿನೊಂದಿಗೆ: ಫೋಟೊ ತೆಗೆಯಬಾರದು, ಮಾತುಕತೆಯುದ್ದಕ್ಕೂ ತಾವು ಪಕ್ಕದಲ್ಲೇ ಕೂರಬೇಕು. ಕಾರಣ ಧ್ವನಿಮುದ್ರಣ ಶುರುವಾದೊಡನೆ ತಿಳಿಯಿತು. ವಾದಕರ ಮುಖದ ಎಡಭಾಗ ಜೋತುಬಿದ್ದಿತ್ತು. ತುಟಿ ಕೂಡಿಸಿ ಆಡಬೇಕಾದ ಅಕ್ಷರಗಳು ಗಾಳಿಯಾಗಿ ಸೋರಿಹೋಗುತ್ತಿದ್ದವು. ಅವರ ಒಂದೊಂದು ಮಾತನ್ನೂ ಆಕೆ ಮತ್ತೊಮ್ಮೆ ಹೇಳುತ್ತಿದ್ದರು.

“ಈಗ ಇವರ ತುಟಿ ನಾನೇ. ಸಂಬಳ ಮಾತ್ರ ಇಲ್ಲ.”

ಅವರು ಬಲಗಡೆಯಿಂದಷ್ಟೇ ನಕ್ಕರು.

ಎಷ್ಟು ಉದ್ದದ ಸ್ವರವನ್ನೂ ಒಂದೇ ಉಸಿರಿನಲ್ಲಿ ಎಳೆಯಬಲ್ಲವರೆಂದು ಬ್ಯಾಂಡಿನವರು ಅವರನ್ನು ‘ಉಸಿರಣ್ಣ’ ಎನ್ನುತ್ತಿದ್ದರು. ಐವತ್ತು ದಾಟಿದ ಮೇಲೆ ಎಡಕಿವಿಯ ಹಿಂದೆ ನಾಡಿಯ ಲಯಕ್ಕೆ ಸರಿಯಾಗಿ ‘ಹುಸ್, ಹುಸ್’ ಎಂಬ ಸದ್ದು ಶುರುವಾಯಿತು. ತಲೆಯೊಳಗೆ ಪುಕ್ಕಟೆ ಡ್ರಮ್ಮರ್ ಇಟ್ಟುಕೊಂಡಿದ್ದಾನೆಂದು ಜೊತೆಗಾರರು ಕಿಚಾಯಿಸಿದರು. ಮಲಗಿದ್ದಾಗ ಆ ಸದ್ದು ಪಕ್ಕದಲ್ಲಿದ್ದ ಹೆಂಡತಿಯ ಕಿವಿಗೂ ಕೇಳಿಸಿತು. ಆಸ್ಪತ್ರೆಗೆ ಎಳೆದುಕೊಂಡು ಹೋದವರು ಆಕೆಯೇ.

ತೊಡೆಸಂದಿಯಿಂದ ತೂರಿಸಿದ ಸಪೂರ ನಳಿಕೆಯ ಮೂಲಕ ಔಷಧದ್ರವ ಬಿಟ್ಟು ತಲೆಯ ರಕ್ತನಾಳಗಳ ಚಿತ್ರ ತೆಗೆದರು. ಬುರುಡೆಯ ಒಳಮೈಗೆ ಅಂಟಿದ ಪೊರೆಯಲ್ಲಿ ಅಪಧಮನಿಯೊಂದು ಅಡ್ಡದಾರಿ ಹಿಡಿದು ನೇರ ಅಭಿಧಮನಿಗೆ ಕೂಡಿಕೊಂಡಿತ್ತು. ರಕ್ತ ಹಿಮ್ಮುಖವಾಗಿ ನುಗ್ಗಿ ಮಿದುಳಿನ ಮೇಲಿನ ನಾಳವೊಂದು ಉಬ್ಬಿತ್ತು. ಅದೇ ನಳಿಕೆಯಲ್ಲಿ ಅಂಟು ಹರಿಸಿ ಆ ಕೂಡುದಾರಿಯನ್ನು ಮುಚ್ಚಬೇಕಿತ್ತು. ಅಭಿಧಮನಿಯ ಕಡೆಯಿಂದ ಹೋಗಲು ದಾರಿ ಕಟ್ಟಿಹೋಗಿತ್ತು; ಬುರುಡೆ ತೆರೆಯುವುದು ಇನ್ನೂ ಅಪಾಯಕರ. ಉಳಿದದ್ದು ಅಪಧಮನಿ. ಆದರೆ ಕೂದಲೆಳೆಯಂಥ ಕವಲೊಂದು ಹೊರಟದ್ದೂ ಆ ಅಪಧಮನಿಯಿಂದಲೇ; ಮುಖದ ನರಕ್ಕೆ ರಕ್ತ ಒಯ್ಯುವುದು ಅದೇ ಇರಬಹುದೆಂದು ಡಾಕ್ಟರಮ್ಮ ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು.

ಖಚಿತಪಡಿಸಿಕೊಳ್ಳಲು ಅಂಟು ಹರಿಸುವ ಮೊದಲು ಮರಗಟ್ಟಿಸುವ ಔಷಧ ಬಿಟ್ಟು ನೋಡಿದರು. ಉಸಿರಣ್ಣನವರಿಗೆ ಎಚ್ಚರವಿತ್ತು.

“ಊದೋ ಹಾಗೆ ತುಟಿ ಮಾಡಿ,” ಎಂದರು ಡಾಕ್ಟರಮ್ಮ.

ಮಾಡಿದರು. ಹೊದಿಕೆಯಡಿ ಬೆರಳುಗಳೂ ತಾವಾಗಿಯೇ ಆಡತೊಡಗಿದವಂತೆ. ಔಷಧ ಇಳಿಯುತ್ತಿದ್ದಂತೆ ತುಟಿಯ ಎಡಮೂಲೆ ಸಡಿಲವಾಗಿ ಗಾಳಿ ಸೋರಿತು. ಸ್ವಲ್ಪ ಹೊತ್ತಿಗೆ ತುಟಿ ಮರಳಿತು; ಮುಂದಿನ ಕೆಲಸ ಅಲ್ಲಿಗೇ ನಿಲ್ಲಿಸಿದರು.

ಕವಲನ್ನು ದಾಟಿ ನಳಿಕೆಯನ್ನು ಆದಷ್ಟು ಮುಂದೊಯ್ಯುವುದಾಗಿಯೂ, ಅಂಟು ಹಿಂದಕ್ಕೆ ಹರಿಯುವುದಿಲ್ಲವೆಂದು ಮಾತು ಕೊಡಲಾರೆನೆಂದೂ ಡಾಕ್ಟರಮ್ಮ ಹೇಳಿದರು. ಹಾಗೇ ಬಿಟ್ಟರೆ ಏನಾಗುತ್ತದೆಂದು ಹೆಂಡತಿ ಕೇಳಿದಾಗ ಉಬ್ಬಿದ ನಾಳವನ್ನು ತೋರಿಸಿದರು.

“ಇದು ಒಡೆದ್ರೆ ಇಲ್ಲಿಗೆ ಕರ್ಕೊಂಡು ಬರೋದಕ್ಕೂ ಪುರುಸೊತ್ತು ಸಿಗಲ್ಲಮ್ಮ.”

ಮನೆಗೆ ಬಂದ ಉಸಿರಣ್ಣ ಮರುದಿನ ಬ್ಯಾಂಡಿನ ಅಭ್ಯಾಸದ ಕೋಣೆಯಲ್ಲಿ ತಮಗೆ ಬರುವುದನ್ನೆಲ್ಲ ನುಡಿಸಿದರು. ಗುಣವಾಯಿತೆಂದೇ ಜೊತೆಗಾರರು ತಿಳಿದರು. “ಏನಣ್ಣ, ಡ್ರಮ್ಮರ್‌ನ ಕೆಲ್ಸದಿಂದ ತೆಗೆದ್ಯಾ?” ಎಂದು ಒಬ್ಬ ಕೇಳಿದ. ಚಿಕಿತ್ಸೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವುದಿಲ್ಲವೆಂದು ಇವರು ಮನಸ್ಸಿನಲ್ಲೇ ನಿಶ್ಚಯಿಸಿಯಾಗಿತ್ತು. ಅದನ್ನು ಮುರಿದದ್ದು ಹೆಂಡತಿಯ ಮಾತು.

“ನೀವು ಊದಿದ್ದನ್ನ ಮದುವೆಯಾದಾಗಿನಿಂದ ಕೇಳಿದೀನಿ, ಸಾಕು. ಈ ಸದ್ದು ಕೇಳ್ತಾ ಮಲಗೋದು ಇನ್ನು ನನ್ನ ಕೈಲಾಗಲ್ಲ. ನಿಂತುಹೋದ್ರೆ ಅಂತ ಎದ್ದೆದ್ದು ನೋಡ್ತೀನಿ.”

ಸಹಿ ಹಾಕಿದರು. ಅಂಟು ಕೂಡುದಾರಿಯನ್ನು ಮುಚ್ಚಿತು. ಸ್ವಲ್ಪ ಹಿಂದಕ್ಕೂ ಹರಿಯಿತು. ಎಚ್ಚರವಾದಾಗ ತಲೆಯೊಳಗೆ ಸದ್ದಿರಲಿಲ್ಲ. ಕ್ಲಾರಿನೆಟ್ಟನ್ನು ಬ್ಯಾಂಡ್ ಮಾಸ್ಟರ್ ಮನೆಗೆ ಮುಟ್ಟಿಸಿದ್ದೂ ಹೆಂಡತಿಯೇ.

ಧ್ವನಿಮುದ್ರಣದ ಕೊನೆಯಲ್ಲಿ ಅವರು ಹೇಳಿದ ಒಂದು ಮಾತನ್ನು ಆಕೆ ಮರುಹೇಳಲಿಲ್ಲ. ಅವರು ಮತ್ತೆ ಹೇಳಿದರು. ಆಕೆ ಎದ್ದು ನೀರು ತರಲು ಒಳಗೆ ಹೋದರು. ಅಷ್ಟು ಹೊತ್ತಿಗೆ ನನ್ನ ಕಿವಿ ಆ ಉಚ್ಚಾರಕ್ಕೆ ಹೊಂದಿಕೊಂಡಿತ್ತು: “ಅವತ್ತು ಬೇಡ ಅನ್ನಬೇಕಿತ್ತು.”

ಅವರ ಒಪ್ಪಿಗೆಯಿಂದ ಕಡತಕ್ಕೆ ಸೇರಿಸಿದ ವಿವರ: ೨೦೧೭ರ ನವೆಂಬರ್ ೯ರಂದು ತೆಗೆದ ಮರುಪರೀಕ್ಷೆಯ ಚಿತ್ರಗಳಲ್ಲಿ ಕೂಡುದಾರಿ ಸಂಪೂರ್ಣ ಮುಚ್ಚಿದೆ, ಎಡಮುಖದಲ್ಲಿ ಚಲನೆ ಇಲ್ಲ.