ಏಳು ದಿನದ ಮಂಕರಿ

ಬೂದಿಗಾಗಿ ಇಡೀ ಬೀದಿ ಅಲೆದೆ. ಈಗ ಹುಲ್ಲಹಳ್ಳಿಯಲ್ಲೂ ಎಲ್ಲರ ಮನೆಯಲ್ಲಿ ಗ್ಯಾಸು, ಬಚ್ಚಲಿಗೆ ಗೀಜರು. ಒಲೆಯ ಬೂದಿ ಬೇಕು ಎಂದರೆ ಹುಚ್ಚಿಯನ್ನು ನೋಡುವ ಹಾಗೆ ನೋಡುತ್ತಾರೆ. ಕೊನೆಗೆ ನಾಲೆಯ ಹತ್ತಿರದ ಒಂದು ಮನೆಯಲ್ಲಿ ನೀರೊಲೆ ಸಿಕ್ಕಿತು. ಹಳೆಯ ಪೇಂಟ್ ಡಬ್ಬದ ತುಂಬ ಬೂದಿ ತಂದು ಹಿತ್ತಲಲ್ಲಿಟ್ಟು ಮುಚ್ಚಳ ತೆಗೆದೆ. ಆ ಒಣ ವಾಸನೆ ಮೂಗಿಗೆ ಬಡಿದದ್ದೇ ತಡ, ಗೋಡೆಯಾಚೆಯಿಂದ ಯಾರೋ ಗದರಿದಂತಾಯಿತು. ತಿರುಗಿ ನೋಡಿದೆ. ಯಾರಿರುತ್ತಾರೆ...

ನಾನು ಅವರನ್ನು ಅತ್ತೆಮ್ಮ ಎಂದು ಕರೆಯುತ್ತಿದ್ದೆ. ಸಂಬಂಧದಲ್ಲಿ ಅವರು ನನಗೆ ಏನೂ ಆಗಬೇಕಿರಲಿಲ್ಲ, ಪಕ್ಕದ ಮನೆಯವರು ಅಷ್ಟೆ. ನಮ್ಮ ಎರಡು ಹಿತ್ತಲುಗಳ ನಡುವೆ ಎದೆಯೆತ್ತರದ ಒಂದು ಮಣ್ಣಿನ ಗೋಡೆ. ಆ ಗೋಡೆಯ ಮೇಲೆ ಅವರ ತಲೆ ಕಾಣದ ದಿನವಿರಲಿಲ್ಲ. ನಾನು ನಂಜನಗೂಡಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಬೆಳಿಗ್ಗೆ ಬಸ್ಸಿಗೆ ಓಡುವ ಹೊತ್ತಿಗೇ ಅವರ ಉಪದೇಶ ಶುರುವಾಗುತ್ತಿತ್ತು. ಬಟ್ಟೆ ಒಣಹಾಕುವುದು ಹೀಗಲ್ಲ, ನುಗ್ಗೆ ಕಡಿಯುವುದು ಹಾಗಲ್ಲ, ಮಗುವಿಗೆ ಈ ಬಿಸಿಲಿನಲ್ಲಿ ಸ್ವೆಟರ್ ಯಾಕೆ. ಹೂಂ, ಹೂಂ ಎಂದು ಓಡುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ ಈ ಗೋಡೆಯನ್ನು ಇನ್ನೂ ಎರಡು ಅಡಿ ಏರಿಸಬೇಕು ಎಂದುಕೊಳ್ಳುತ್ತಿದ್ದೆ.

ಅವರ ಹಿತ್ತಲಲ್ಲಿ ಹತ್ತು ಹದಿನೈದು ಕೋಳಿಗಳಿದ್ದವು. ಕಪ್ಪು ಕೋಳಿಗಳು, ಒಂದೊಂದರ ತಲೆಯ ಮೇಲೂ ಒಂದೊಂದು ಜುಟ್ಟು. ಮದುವೆಯಾಗಿ ಬರುವಾಗ ಸೋಮನಾಥಪುರದ ಕಡೆಯ ತವರಿನಿಂದ ಅವರ ತಾಯಿ ಒಂದು ಹೆಣ್ಣು ಕೋಳಿ ಕೊಟ್ಟಿದ್ದರಂತೆ. ಅದರ ಮರಿ, ಮರಿಯ ಮರಿ... ಹೀಗೆ ಆ ತಳಿ ನಲವತ್ತು ವರ್ಷ ಆ ಹಿತ್ತಲಲ್ಲೇ ಬೆಳೆದಿತ್ತು. ತಾಯಿ ಹೋದ ಮೇಲೆ ತವರಿನದೆಂದು ಉಳಿದದ್ದು ಅದೊಂದೇ ಎಂದು ಒಮ್ಮೆ ಹೇಳಿದ್ದರು. ನಾನು ಬಸ್ಸಿನ ಅವಸರದಲ್ಲಿದ್ದೆ, ಅರ್ಧಂಬರ್ಧ ಕೇಳಿಸಿಕೊಂಡೆ.

ನಮ್ಮಲ್ಲೂ ಮೂರು ಕೋಳಿಗಳಿದ್ದವು. ಸಾಲದು ಎಂದು ಒಂದು ದಿನ ಸಂತೆಯಿಂದ ಇನ್ನೂ ನಾಲ್ಕು ತಂದೆ. ಚೀಲ ಬಿಚ್ಚುವ ಮೊದಲೇ ಗೋಡೆಯ ಮೇಲೆ ತಲೆ ಹಾಜರ್.

"ಬುಟ್ಗಿಟ್ಟೀಯೆ ಅಮ್ಮಿ! ಒಸ ಕೋಳಿಯ ಅಂಗೇ ಬುಡಬಾರ್ದು. ತಡಿ, ಮಂಕರಿ ಕೊಡ್ತೀನಿ."

ಬಿದಿರಿನ ಒಂದು ದೊಡ್ಡ ಮಂಕರಿ ಗೋಡೆ ದಾಟಿ ಬಂತು. ಅದರ ಹಿಂದೆಯೇ ಕಾಯಿದೆ ಕಾನೂನೂ ಬಂದವು. ಹೊಸ ಕೋಳಿಗಳನ್ನು ಹಿತ್ತಲಿನ ಆ ತುದಿಯಲ್ಲಿ ಏಳು ದಿನ ಮಂಕರಿಯಡಿ ಮುಚ್ಚಿಡಬೇಕು. ನೀರಿನ ಬಟ್ಟಲು ಬೇರೆ. ಏಳನೆಯ ಸಂಜೆ ಹಳೆಯವು ಹೊಸವು ಎನ್ನದೆ ಎಲ್ಲಕ್ಕೂ ಒಲೆಯ ಬೂದಿ ಸವರಿ ಒಟ್ಟಿಗೆ ಗೂಡಿಗೆ ಬಿಡಬೇಕು.

"ಬೂದಿ ಬಳುದ್ರೆ ಎಲ್ಲದ್ರದ್ದೂ ಒಂದೇ ವಾಸ್ನೆ. ಯಾವ್ದು ಅಳೇದು ಯಾವ್ದು ಒಸದು ಅಂತ ಅವ್ಕೆ ಗೊತ್ತಾಗಕಿಲ್ಲ" ಎಂದರು.

"ಬೂದಿ ಸರಿ ಅತ್ತೆಮ್ಮ, ಏಳು ದಿನ ಯಾಕೆ?"

"ಸಂತೆ ಗಾಳಿ ಇಳೀಬೇಕು ಕಣಮ್ಮಿ."

ಸಂತೆ ಗಾಳಿಯಂತೆ! ನನಗೆ ನಗು ಬಂತು. ದಿನವಿಡೀ ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ರೋಗಾಣು ನೋಡುವವಳಿಗೆ ಗಾಳಿ, ಬೂದಿ ಎಂದರೆ ಇನ್ನೇನಾಗಬೇಕು. ಆದರೂ ಎರಡು ದಿನ ಸಹಿಸಿದೆ. ಆ ಎರಡು ದಿನವೂ ಬೆಳಿಗ್ಗೆ ಸಂಜೆ ವಿಚಾರಣೆ. ಬಟ್ಟಲು ಬೇರೆ ಇಟ್ಟೆಯಾ, ಮಂಕರಿಯ ಮೇಲೆ ಕಲ್ಲು ಹೇರಿದೆಯಾ, ನಿನ್ನ ಗಂಡ ಏನಾದರೂ ಬಿಟ್ಟನಾ. ಮೂರನೆಯ ಬೆಳಿಗ್ಗೆ ಬಸ್ಸು ಬೇರೆ ತಪ್ಪಿತ್ತು. ವಾಪಸ್ ಬಂದರೆ ಗೋಡೆಯ ಮೇಲೆ ಅದೇ ತಲೆ, ಅದೇ ಪ್ರಶ್ನೆ. ತಲೆ ಕೆಟ್ಟುಹೋಯಿತು. ಅವರು ನೋಡುತ್ತಿದ್ದ ಹಾಗೆಯೇ ಹೋಗಿ ಮಂಕರಿ ಎತ್ತಿ ಎಸೆದೆ. ನಾಲ್ಕು ಕೋಳಿಗಳೂ ಕೆದರುತ್ತ ಹೊರಟವು. ಅವುಗಳಲ್ಲಿ ಒಂದು ಅವರ ತಲೆಯ ಪಕ್ಕದಲ್ಲೇ ಗೋಡೆ ಹಾರಿ ಅವರ ಹಿತ್ತಲಿಗೆ ಇಳಿಯಿತು.

ಆರನೆಯ ದಿನ ಆ ಕೋಳಿ ತೂಕಡಿಸತೊಡಗಿತು. ಮರುದಿನ ಕತ್ತು ತಿರುಚಿಕೊಂಡು ಬಿತ್ತು. ಕೊಕ್ಕರೆ ರೋಗ, ಒಂದಕ್ಕೆ ಬಂದರೆ ಹಿಂಡಿಗೇ ಅಂಟುವಂಥದ್ದು. ಮಂಕರಿಯಡಿಯಲ್ಲೇ ಇದ್ದಿದ್ದರೆ ಅದು ಅಲ್ಲೇ ಗೊತ್ತಾಗುತ್ತಿತ್ತು, ಅಲ್ಲೇ ಮುಗಿಯುತ್ತಿತ್ತು. ಅವರು ಸಂತೆ ಗಾಳಿ ಎಂದದ್ದು ಇದನ್ನೇ ಎಂದು ನಂಜನಗೂಡಿನ ಲ್ಯಾಬಿನವಳಿಗೆ ಆಗ ಹೊಳೆಯಿತು. ಹತ್ತು ದಿನದೊಳಗೆ ನಮ್ಮ ಏಳೂ ಹೋದವು. ಅವರ ಜುಟ್ಟಿನ ಕೋಳಿಗಳಲ್ಲಿ ಒಂದೂ ಉಳಿಯಲಿಲ್ಲ.

ಬೈಯುತ್ತಾರೆ ಎಂದು ಕಾದೆ. ಬೀದಿಯಲ್ಲಿ ನಿಂತು ನನ್ನ ಮಾನ ಹರಾಜು ಹಾಕಲಿ ಎಂದೇ ಬಯಸಿದೆ. ಅವರು ಗುಂಡಿ ತೋಡಿ, ಸುಣ್ಣ ಹಾಕಿ, ಎಲ್ಲವನ್ನೂ ಮುಚ್ಚಿ ಗೋಡೆಯ ಹತ್ತಿರ ಬಂದರು.

"ನಿಂದು ಒಂದಾದ್ರೂ ಉಳ್ಕತಾ?"

"ಇಲ್ಲ ಅತ್ತೆಮ್ಮ."

ಒಳಗೆ ಹೋದರು. ಮಂಕರಿ ತೊಳೆದು ಕೊಡಲು ಹೋದರೆ, "ನಿನ್ ತಾವೇ ಇರ್ಲಿ" ಎಂದರು. ಅದನ್ನು ನಾನು ಚುಚ್ಚುಮಾತು ಎಂದೇ ತಿಳಿದೆ. ಬೇರೆ ಕೋಳಿ ತಂದುಕೊಡುತ್ತೇನೆ ಎಂದರೆ, "ಬ್ಯಾಡ ಬುಡು." ಮರುವರ್ಷ ನಾನು ಲಸಿಕೆ ಹಾಕಿಸಿದ ಕೋಳಿಗಳನ್ನು ತಂದಾಗ ತಲೆ ಮತ್ತೆ ಗೋಡೆಯ ಮೇಲೆ ಬಂತು, ಉಪದೇಶವೂ ಬಂತು. ಅವರು ಮಾತ್ರ ಮತ್ತೆಂದೂ ಕೋಳಿ ಸಾಕಲಿಲ್ಲ. ಹೋದ ವರ್ಷ ತೀರಿಕೊಂಡರು. ಕೊನೆಯವರೆಗೂ ಆ ಖಾಲಿ ಹಿತ್ತಲನ್ನು ನೋಡಿದಾಗಲೆಲ್ಲ ನಾನು ಕಣ್ಣು ತಪ್ಪಿಸುತ್ತಿದ್ದೆ.

ಮೊನ್ನೆ ಒಂದು ನಾಮಕರಣಕ್ಕೆಂದು ಟಿ. ನರಸೀಪುರಕ್ಕೆ ಹೋಗಿದ್ದೆ. ಅತ್ತೆಮ್ಮನ ಮಗಳ ಮನೆ ಅಲ್ಲೇ, ಮಾತಾಡಿಸಿ ಬರೋಣವೆಂದು ಹೋದೆ. ಅಂಗಳದಲ್ಲಿ ಕಪ್ಪು ಕೋಳಿಗಳು ಮೇಯುತ್ತಿದ್ದವು. ತಲೆಯ ಮೇಲೆ ಜುಟ್ಟು! ಅವುಗಳತ್ತ ಬೆರಳು ತೋರಿಸಿದೆ.

"ಅವ್ವನ ಕೋಳಿಯೇ ಕಣಕ್ಕ. ನನ್ ಬಾಣಂತನ ಮುಗ್ಸಿ ಕಳಿಸ್ವಾಗ ಎರಡು ಕೊಟ್ಟಿದ್ಲು" ಎಂದಳು ಮಗಳು. "ಅಲ್ಲಿವು ಸತ್ತೋದ್ಮೇಲೆ ಮರಿ ತಗಂಡೋಗು ಅಂತ ಎಷ್ಟ್ ಸಲ ಅಂದೆ. ಅವ್ವ ಒಪ್ನಿಲ್ಲ. ಇವು ಕಣ್ಮುಂದೆ ಓಡಾಡುದ್ರೆ ಪಕ್ಕದ್ಮನೆ ಅಮ್ಮಿಗೆ ದಿನಾ ಅದೇ ನೆಪ್ಪಾಯ್ತದೆ, ಮೊದ್ಲೇ ತಲೆ ತಗ್ಗಿಸ್ಕಂಡು ಓಡಾಡ್ತಾಳೆ ಅನ್ನೋಳು."

ಮೂರು ಕೋಳಿಗಳನ್ನು ರಟ್ಟಿನ ಡಬ್ಬದಲ್ಲಿ ಹಾಕಿ ಕೊಟ್ಟಳು. ದಾರಿಯುದ್ದಕ್ಕೂ ಕಂಡಕ್ಟರನ ಗೊಣಗಾಟ ಕೇಳುತ್ತ ತಂದೆ. ಅದೇ ಮಂಕರಿಯಡಿ ಮುಚ್ಚಿಟ್ಟೆ. ನನ್ನ ಹಳೆಯ ಕೋಳಿಗಳು ಮಂಕರಿಯ ಸುತ್ತ ಠಳಾಯಿಸಿ, ಕಂಡಿಯಲ್ಲಿ ಕೊಕ್ಕು ತೂರಿಸಿ ಕುಕ್ಕಲು ನೋಡಿದವು. ಎಷ್ಟು ಓಡಿಸಿದರೂ ಮತ್ತೆ ಬಂದವು. ಯಾರಿಗೆ ಯಾರು ಹೊಸಬರು ಎಂದು ಈ ದಡ್ಡಮುಂಡೇವಕ್ಕೆ ಹೇಗೆ ತಿಳಿಸಲಿ! ಇದರ ಮೇಲೆ ನನ್ನ ಗಂಡ, "ಸಾಕು, ಬಿಟ್ಟುಬಿಡೇ" ಎಂದು ದಿನವೂ ರಾಗ. ನಾಲ್ಕನೆಯ ದಿನ ಚೆನ್ನಾಗಿ ಬೈಸಿಕೊಂಡರು.

ಇವತ್ತು ಏಳನೆಯ ಸಂಜೆ. ಒಂದೊಂದನ್ನೇ ಹಿಡಿದು ಬೂದಿ ಸವರಿದೆ, ಹಳೆಯವಕ್ಕೂ ಹೊಸವಕ್ಕೂ. ಕೈಯೆಲ್ಲ ಪರಚಿಸಿಕೊಂಡೆ. ಎಲ್ಲ ಗೂಡು ಸೇರಿದ ಮೇಲೆ ಖಾಲಿ ಮಂಕರಿಯನ್ನು ಗೋಡೆಗೆ ಒರಗಿಸಿ ಅಲ್ಲೇ ನಿಂತೆ. ಸಿಟ್ಟು ಬರುತ್ತದೆ. ಕೇಳದಿದ್ದರೂ ದಿನಕ್ಕೆ ನೂರು ಮಾತು ಹೇಳುತ್ತಿದ್ದವರು, ಟಿ. ನರಸೀಪುರದಲ್ಲಿ ನನ್ನ ಕೋಳಿ ಇವೆ ಎಂಬ ಇದೊಂದು ಮಾತನ್ನು ಹೇಳಬಾರದಿತ್ತೇ? ಹೇಳಿದ್ದರೆ ನಾನೇ ಹೋಗಿ ತರುತ್ತಿದ್ದೆ ಅತ್ತೆಮ್ಮ... ಏಳು ದಿನ ಮುಚ್ಚಿಯೂ ಇಡುತ್ತಿದ್ದೆ.